ನೂಲಿನಂತೆ ಸೀರೆ, ತಾಯಿಯಂತೆ ಮರಿ

ನಮ್ಮೂರಿನಲ್ಲಿ ಯಾರಾದರೂ ದುಡ್ಡು ಕೊಟ್ಟು ನಾಯಿ ಕೊಂಡದ್ದು ನನಗೆ ನೆನಪಿಲ್ಲ. ಯಾವುದೋ ಮಳೆಗಾಲದ ರಾತ್ರಿ ಅದಾಗಿಯೇ ಬಂದು ಜಗಲಿಯ ಮೂಲೆಯಲ್ಲಿ ಮಲಗುತ್ತಿತ್ತು. ಬೆಳಿಗ್ಗೆ ಅಜ್ಜಿ ಮಿಕ್ಕ ಮುದ್ದೆಯನ್ನೋ ಅನ್ನವನ್ನೋ ಹಾಕಿದರೆ ಅಲ್ಲಿಗೆ ಅದು ನಮ್ಮದಾಯಿತು. ತರಬೇತಿ ಎಂದರೆ "ಹಚಾ" ಎಂಬ ಒಂದೇ ಒಂದು ಪದ!

ಇಲ್ಲಿಗೆ ಬಂದ ಮೇಲೆ ಕಥೆಯೇ ಬೇರೆ. ಮಕ್ಕಳು ಎರಡು ವರ್ಷ ಕಾಡಿ, ಕೊನೆಗೆ ಪವರ್‌ಪಾಯಿಂಟ್ ತೋರಿಸಿ ನಮ್ಮನ್ನು ಒಪ್ಪಿಸುತ್ತಾರೆ (ನಮ್ಮ ಮನೆಯಲ್ಲಿ ಹದಿನಾಲ್ಕು ಸ್ಲೈಡು). ಒಪ್ಪಿದ ಮರುದಿನದಿಂದಲೇ ಬ್ರೀಡರ್ ಯಾರು, ಟ್ರೇನರ್ ಯಾರು ಎಂಬ ಹುಡುಕಾಟ. ಪಯೊನಿಯರ್ ಬುಲವಾರ್ಡ್‌ನಲ್ಲಿ ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ ನೋಡಿ ಚೀಲಕ್ಕೆ ಹಾಕುವ ನಮ್ಮ ಜನ, ಎರಡು ಮೂರು ಸಾವಿರ ಡಾಲರಿನ ನಾಯಿಮರಿಯನ್ನು ಮಾತ್ರ ಫೋಟೋ ನೋಡಿ ಕೊಂಡುಬಿಡುತ್ತಾರೆ.

ನಾನು ಮನುಷ್ಯರ ಡಾಕ್ಟರು. ಆದರೂ ಸಂಘದ ಸ್ನೇಹಿತರು ನಾಯಿಗೆ ಹುಷಾರಿಲ್ಲದಾಗ ಮೊದಲು ಫೋನ್ ಮಾಡುವುದು ನನಗೇ. ಪಶುವೈದ್ಯರ ಬಿಲ್ಲಿನ ಭಯ ಅಂಥದ್ದು! ಹಾಗಾಗಿ ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಎರಡೂ ಕಡೆಯ ನಮ್ಮವರ ಅನುಭವಗಳು ನನ್ನ ಕಿವಿಗೆ ಬೀಳುತ್ತಿರುತ್ತವೆ. ಅವುಗಳಲ್ಲಿ ಎರಡನ್ನು ಹೆಸರು ಬಿಟ್ಟು ಹೇಳುತ್ತೇನೆ. ಎರಡೂ ಮನೆಯವರು "ಬರೀರಿ, ಬೇರೆಯವರಿಗಾದರೂ ಗೊತ್ತಾಗಲಿ" ಎಂದಿದ್ದಾರೆ.

ಮೊದಲನೆಯದು 2021ರ ಬೇಸಿಗೆಯದು, ಸೆರಿಟೋಸ್ ಕಡೆಯ ಕುಟುಂಬ. ವೆಬ್‌ಸೈಟಿನಲ್ಲಿ ಚೆಂದದ ಮನೆ, ಹುಲ್ಲುಹಾಸು, ಅದರ ಮೇಲೆ ಮರಿ. ಮುಂಗಡ ಕಳಿಸಿದ ಮೇಲೆ ಮಾರುವವರು "ನಮ್ಮ ಮನೆ ನಿಮಗೆ ದೂರ, ಅರ್ಧದಾರಿಗೆ ನಾವೇ ತರುತ್ತೇವೆ" ಎಂದರು. ಫ್ರೀವೇ ಪಕ್ಕದ ಅಂಗಡಿಯೊಂದರ ಪಾರ್ಕಿಂಗ್ ಲಾಟ್‌ನಲ್ಲಿ ನಗದು ಆ ಕೈಗೆ, ಮರಿ ಈ ಕೈಗೆ. ಲಸಿಕೆಯ ಪುಸ್ತಕವೂ ಇತ್ತು, ಆದರೆ ಅದರಲ್ಲಿ ಪಶುವೈದ್ಯರ ಸಹಿ ಇರಲಿಲ್ಲ. ನಾಲ್ಕನೆಯ ದಿನ ನನಗೆ ಫೋನ್: "ಡಾಕ್ಟ್ರೇ, ಮರಿ ನಿನ್ನೆಯಿಂದ ಏನೂ ತಿಂತಿಲ್ಲ, ವಾಂತಿ. ಒಂದೆರಡು ಸ್ಪೂನ್ ಓಆರ್‌ಎಸ್ ಕೊಡಬಹುದಾ?" ಭೇದಿಯಲ್ಲಿ ರಕ್ತವಿದೆ ಎಂದು ಕೇಳಿದ ಕೂಡಲೇ ಎಮರ್ಜೆನ್ಸಿಗೆ ಕಳಿಸಿದೆ. ಪಾರ್ವೋ ವೈರಸ್. ಕರುಳಿನ ಒಳಪದರವನ್ನೂ ಮೂಳೆಯ ಮಜ್ಜೆಯನ್ನೂ ಒಟ್ಟಿಗೇ ಹಾಳುಮಾಡುವ ಕಾಯಿಲೆ ಇದು. ಮೂರು ದಿನ ಡ್ರಿಪ್ ಹಾಕಿ ನೋಡಿದರು, ಮರಿ ಉಳಿಯಲಿಲ್ಲ.

ಮಾರನೆಯ ದಿನ ಅವರ ಮನೆಗೆ ಹೋದಾಗ ಒಂಬತ್ತು ವರ್ಷದ ಮಗಳು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು, "ಅಂಕಲ್, ನಾನು ಅದಕ್ಕೆ ಮೊಸರನ್ನ ಕೊಟ್ಟೆ. ಅದಕ್ಕೇ ಹೀಗಾಯ್ತಾ?" ಮೂವತ್ತು ವರ್ಷದ ವೃತ್ತಿಯಲ್ಲಿ ಎಷ್ಟೋ ಮನೆಯವರಿಗೆ ಕೆಟ್ಟ ಸುದ್ದಿ ಹೇಳಿದ್ದೇನೆ, ಆದರೂ ಆ ಪ್ರಶ್ನೆಗೆ ಗಂಟಲು ಕಟ್ಟಿತು. ಅವಳ ಬೆರಳನ್ನೇ ಹಿಡಿದು ಲೆಕ್ಕ ಹಾಕಿಸಿದೆ. ಈ ವೈರಸ್ ದೇಹ ಸೇರಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದರಿಂದ ಏಳು ದಿನ ಬೇಕು. ಮರಿ ನಿಮ್ಮ ಮನೆಗೆ ಬಂದು ಮೂರೇ ದಿನಕ್ಕೆ ಊಟ ಬಿಟ್ಟಿತು. ಅಂದರೆ ನಿನ್ನ ಕೈಗೆ ಬರುವ ಮೊದಲೇ ಅದಕ್ಕೆ ಸೋಂಕು ತಗುಲಿತ್ತು, ಪುಟ್ಟಾ. ಅವಳು ಎರಡು ಸಲ ಎಣಿಸಿ ನೋಡಿದಳು.

ಇದೇ ಲೆಕ್ಕ ಕಾನೂನಿಗೂ ಬೇಕಾದದ್ದು. ಕ್ಯಾಲಿಫೋರ್ನಿಯಾದಲ್ಲಿ ಪೊಲಾಂಕೊ-ಲಾಕಿಯರ್ ಪೆಟ್ ಬ್ರೀಡರ್ ವಾರಂಟಿ ಆಕ್ಟ್ ಎಂಬ ಕಾಯಿದೆ ಇದೆ. ವರ್ಷದಲ್ಲಿ ಮೂರು ಅಥವಾ ಹೆಚ್ಚು ಸೂಲಿನ ಮರಿಗಳನ್ನು, ಇಲ್ಲವೇ 20 ಅಥವಾ ಹೆಚ್ಚು ನಾಯಿಗಳನ್ನು ಮಾರುವ ಬ್ರೀಡರುಗಳಿಗೆ ಅದು ಅನ್ವಯ. ಕೊಂಡ 15 ದಿನದೊಳಗೆ ಕಾಯಿಲೆ ಬಿದ್ದರೆ, ಅಥವಾ ಹುಟ್ಟಿನಿಂದಲೋ ವಂಶದಿಂದಲೋ ಬಂದ ದೋಷ ಒಂದು ವರ್ಷದೊಳಗೆ ಕಂಡರೆ, ಪಶುವೈದ್ಯರ ಲಿಖಿತ ಹೇಳಿಕೆಯ ಆಧಾರದ ಮೇಲೆ ಹಣ ವಾಪಸ್ ಕೇಳಬಹುದು, ಬೇರೆ ಮರಿ ಕೇಳಬಹುದು. ಮರಿಯನ್ನು ಕೊಡಲು ಮನಸ್ಸಿಲ್ಲದಿದ್ದರೆ ಇಟ್ಟುಕೊಂಡೇ, ಕೊಂಡ ಬೆಲೆಯ ಒಂದೂವರೆ ಪಟ್ಟಿನವರೆಗೆ ಚಿಕಿತ್ಸೆಯ ಖರ್ಚನ್ನು ವಸೂಲು ಮಾಡಬಹುದು. ಆದರೆ ಕಾಯಿಲೆ ಇದೇ ಎಂದು ಗೊತ್ತಾದ ಐದು ದಿನದೊಳಗೆ ಮಾರಿದವರಿಗೆ ತಿಳಿಸಬೇಕು. ಕೊಡದಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟು ಇದೆ, ವ್ಯಕ್ತಿಯೊಬ್ಬರು 12,500 ಡಾಲರ್‌ವರೆಗೆ ಕೇಳಬಹುದು, ವಕೀಲರು ಬೇಡ. ಇಷ್ಟೆಲ್ಲ ಇದ್ದೂ ನಮ್ಮ ಸ್ನೇಹಿತರಿಗೆ ಒಂದು ಡಾಲರೂ ಬರಲಿಲ್ಲ. ನೋಟಿಸ್ ಕಳಿಸಲು ವಿಳಾಸ ಬೇಕಲ್ಲ! ಪಾರ್ಕಿಂಗ್ ಲಾಟ್‌ಗೆ ಯಾವ ವಿಳಾಸ? ಫೋನ್ ನಂಬರು ಆಗಲೇ ಸತ್ತಿತ್ತು.

ಇಂಥ ವ್ಯಾಪಾರ ಎಲ್ಲಿಂದ ಬಂತು ಎನ್ನುವಿರಾ? ಲಾಸ್ ಏಂಜಲೀಸ್ ನಗರ 2012ರಲ್ಲಿ, ಸ್ಯಾನ್ ಡಿಯಾಗೊ ನಗರ 2013ರಲ್ಲಿ, ಕಾರ್ಖಾನೆಯಂತೆ ಮರಿ ಹಾಕಿಸುವ ಕಡೆಯಿಂದ ತಂದ ನಾಯಿಗಳನ್ನು ಅಂಗಡಿಗಳಲ್ಲಿ ಮಾರುವುದನ್ನು ನಿಷೇಧಿಸಿದವು. 2019ರ ಜನವರಿಯಿಂದ ಇಡೀ ರಾಜ್ಯಕ್ಕೇ ಆ ಕಾನೂನು ಬಂತು. ಒಳ್ಳೆಯದೇ. ಆದರೆ ವ್ಯಾಪಾರ ಅಂಗಡಿಯಿಂದ ಇಂಟರ್ನೆಟ್ಟಿಗೆ ಜಾರಿತು. ದೂರದ ರಾಜ್ಯಗಳಿಂದ ವ್ಯಾನಿನಲ್ಲಿ ಬಂದ ಮರಿಗಳು "ನಮ್ಮ ಮನೆಯಲ್ಲೇ ಹುಟ್ಟಿದವು" ಎಂಬ ಹೆಸರಿನಲ್ಲಿ ಮಾರಾಟವಾದವು. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ 2024ರಲ್ಲಿ ಇದನ್ನು ಬಯಲಿಗೆಳೆಯಿತು. 2025ರ ಅಕ್ಟೋಬರ್‌ನಲ್ಲಿ ಗವರ್ನರ್ ನ್ಯೂಸಮ್ ಇನ್ನಷ್ಟು ಬಿಗಿಯಾದ ಕಾನೂನುಗಳಿಗೆ ಸಹಿ ಹಾಕಿದರು. ಮಧ್ಯವರ್ತಿಗಳ ಮಾರಾಟಕ್ಕೆ ತಡೆ ಬಿತ್ತು, "ಮುಂಗಡ ವಾಪಸ್ ಇಲ್ಲ" ಎಂಬ ಷರತ್ತಿನ ಒಪ್ಪಂದಕ್ಕೆ ಬೆಲೆ ಇಲ್ಲವೆಂದಾಯಿತು. ಆದರೂ ಪಾರ್ಕಿಂಗ್ ಲಾಟ್‌ಗೆ ಹೋಗಬೇಡಿ.

ಒಳ್ಳೆಯ ಬ್ರೀಡರ್ ಹೇಗಿರುತ್ತಾರೆ ಎನ್ನುವುದಕ್ಕೆ ನಮ್ಮದೇ ಉದಾಹರಣೆ. ಸ್ಯಾನ್ ಡಿಯಾಗೊ ಕೌಂಟಿಯ ಒಳನಾಡಿನಲ್ಲಿ ಒಬ್ಬ ವಯಸ್ಸಾದ ಮಹಿಳೆ ಲ್ಯಾಬ್ರಡಾರ್ ಸಾಕುತ್ತಾರೆ. ನಾವು ಪ್ರಶ್ನೆ ಕೇಳಲು ಹೋದರೆ ಅವರೇ ನಮ್ಮನ್ನು ಒಂದು ಗಂಟೆ ಪರೀಕ್ಷೆ ಮಾಡಿದರು. ಹಗಲು ಮನೆಯಲ್ಲಿ ಯಾರಿರುತ್ತಾರೆ? ಬೇಲಿ ಎಷ್ಟೆತ್ತರ? ಇಂಡಿಯಾಕ್ಕೆ ಹೋದಾಗ ನಾಯಿ ಎಲ್ಲಿರುತ್ತದೆ? ನನ್ನ ಹೆಂಡತಿ ಕಾರಿನಲ್ಲಿ ನಗುತ್ತಾ, "ನಮ್ಮಪ್ಪ ನಿಮ್ಮನ್ನು ಇಷ್ಟು ಕೇಳಿರಲಿಲ್ಲ" ಎಂದಳು! ಆಮೇಲೆ ತಾಯಿ ನಾಯಿಯನ್ನು ತೋರಿಸಿದರು, ಅದರ ಸೊಂಟದ ಕೀಲಿನ ಎಕ್ಸ್‌ರೇ ವರದಿ ತೋರಿಸಿದರು. ಲ್ಯಾಬ್ರಡಾರ್‌ನಂಥ ತಳಿಗಳಲ್ಲಿ ಸೊಂಟದ ಕೀಲಿನ ದೋಷ ವಂಶದಲ್ಲೇ ಬರುತ್ತದೆ. ಓಎಫ್‌ಎ ಸಂಸ್ಥೆ ಎರಡು ವರ್ಷ ತುಂಬಿದ ನಾಯಿಗೆ ಮಾತ್ರ ಕೊನೆಯ ಪ್ರಮಾಣಪತ್ರ ಕೊಡುತ್ತದೆ, ಆ ವರದಿಗಳನ್ನು ಅವರ ವೆಬ್‌ಸೈಟಿನಲ್ಲಿ ನಾವೇ ನೋಡಬಹುದು. ಏಳು ತಿಂಗಳು ಕಾದೆವು. ಒಪ್ಪಂದದಲ್ಲಿ ಒಂದು ಸಾಲಿತ್ತು: ಯಾವತ್ತಾದರೂ ಸಾಕಲಾಗದಿದ್ದರೆ ನಾಯಿಯನ್ನು ಅವರಿಗೇ ಹಿಂದಿರುಗಿಸಬೇಕು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಹೆಣ್ಣು ನೋಡಲು ಹೋದವರು ಹೇಳುತ್ತಿದ್ದರಲ್ಲ, ಇಲ್ಲಿ ಆ ಮಾತು ಅಕ್ಷರಶಃ ನಿಜ.

ಮರಿ ಕಪ್ಪು, ಹೆಣ್ಣು. ಕಾಳಿ ಎಂದು ಹೆಸರಿಟ್ಟೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ, ಕ್ರಿ.ಶ. 949-50ರ ಹೊತ್ತಿಗೆ, ಗಂಗರ ಬೂತುಗನಿಂದ ಮಣಲೇರನೆಂಬ ವೀರ ಕೇಳಿ ಪಡೆದ ನಾಯಿಯ ಹೆಸರು ಕಾಳಿ. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಗೆ ಕಲ್ಲು ನಿಲ್ಲಿಸಿದ ಜನ ನಾವು! ಇಲ್ಲಿನ ನೆರೆಯವರು ಮಾತ್ರ ಅದು ಕ್ಯಾಲಿಫೋರ್ನಿಯಾದ "ಕ್ಯಾಲಿ" ಎಂದೇ ತಿಳಿದಿದ್ದಾರೆ. (ಮುಧೋಳದ ಮರಿಯನ್ನೇ ತರಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. 2024ರ ಆಗಸ್ಟ್‌ನಿಂದ ಆರು ತಿಂಗಳಿಗಿಂತ ಚಿಕ್ಕ ನಾಯಿ ಅಮೆರಿಕಕ್ಕೆ ಬರುವಂತಿಲ್ಲ. ರೇಬೀಸ್ ಹೆಚ್ಚಿರುವ ದೇಶವೆಂದು ಭಾರತಕ್ಕೆ ನಿಯಮಗಳು ಇನ್ನೂ ಕಠಿಣ.) ಬ್ರೀಡರೇ ಬೇಕೆಂದಿಲ್ಲ. ಎರಡೂ ಊರುಗಳ ಶೆಲ್ಟರ್‌ಗಳಲ್ಲಿ ಮನೆಗಾಗಿ ಕಾಯುತ್ತಿರುವ ಒಳ್ಳೆಯ ನಾಯಿಗಳಿವೆ.

ಇನ್ನು ಟ್ರೇನರುಗಳು. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಉಗುರಿಗೆ ಬಣ್ಣ ಹಚ್ಚುವವರಿಗೆ, ಕೂದಲು ಕತ್ತರಿಸುವವರಿಗೆ ರಾಜ್ಯದ ಲೈಸೆನ್ಸ್ ಬೇಕು. ನಾಯಿ ತರಬೇತಿಗೆ ಬೇಡ. ಇವತ್ತು ಬೆಳಿಗ್ಗೆ ಬೋರ್ಡು ಹಾಕಿದರೆ ಮಧ್ಯಾಹ್ನಕ್ಕೆ ನೀವು ಟ್ರೇನರ್! ಸಿಪಿಡಿಟಿ ಎಂಬ ಪರೀಕ್ಷೆ ಪಾಸಾದವರಿದ್ದಾರೆ, ಅದು ಅವರಾಗಿಯೇ ಬರೆಯುವುದು, ಕಡ್ಡಾಯವಲ್ಲ.

ಸ್ಯಾನ್ ಡಿಯಾಗೊದ ಉತ್ತರ ಭಾಗದ ಸ್ನೇಹಿತರೊಬ್ಬರ ಗೋಲ್ಡನ್‌ಡೂಡಲ್ 2020ರ ಕೋವಿಡ್ ಕಾಲದಲ್ಲಿ ಬೆಳೆದ ನಾಯಿ. ಮನೆಯವರನ್ನು ಬಿಟ್ಟರೆ ಯಾರನ್ನೂ ನೋಡಿರಲಿಲ್ಲ. ಮರಿಗೆ ಮೂರನೆಯ ವಾರದಿಂದ ಹನ್ನೆರಡು-ಹದಿನಾಲ್ಕನೆಯ ವಾರದವರೆಗೆ ಲೋಕಪರಿಚಯದ ಕಾಲ. ಆಗ ಕಂಡದ್ದು ನೆಂಟ, ಕಾಣದ್ದು ಶತ್ರು. (ಆ ಅವಧಿಯಲ್ಲಿ ಐದು ವಾರ ಮರಿ ಬ್ರೀಡರ್ ಮನೆಯಲ್ಲೇ ಇರುತ್ತದೆ. ಮೊದಲ ಟ್ರೇನರ್ ಬ್ರೀಡರೇ ಎಂದು ನಾನು ಹೇಳುವುದು ಅದಕ್ಕೆ.) ನಾಯಿ ಅತಿಥಿಗಳನ್ನು ಕಂಡರೆ ಗುರ್ ಎನ್ನುತ್ತದೆಂದು ಮೂರು ವಾರದ "ಬೋರ್ಡ್ ಅಂಡ್ ಟ್ರೇನ್"ಗೆ ಬಿಟ್ಟರು. ಹಲವು ಸಾವಿರ ಡಾಲರ್. ನಡುವೆ ನೋಡಲು ಬಿಡಲಿಲ್ಲ, "ನಾಯಿಯ ಗಮನ ಹೋಗುತ್ತದೆ" ಎಂದು ವಿಡಿಯೋ ಕಳಿಸುತ್ತಿದ್ದರು. ಹಿಂತಿರುಗಿದಾಗ ಕುತ್ತಿಗೆಯಲ್ಲಿ ವಿದ್ಯುತ್ ಶಾಕ್ ಕೊಡುವ ಪಟ್ಟಿ, ಕೈಗೆ ಒಂದು ರಿಮೋಟು. ನಾಯಿ ಗುರ್ ಎನ್ನುವುದನ್ನು ನಿಲ್ಲಿಸಿತ್ತು. ಎಲ್ಲರಿಗೂ ಸಂತೋಷ.

ಎರಡು ತಿಂಗಳ ನಂತರ ಹಾಸನದಿಂದ ಬಂದಿದ್ದ ಅಜ್ಜಿ, ದೇವರ ಮುಂದೆ ಬಿದ್ದ ಹೂವನ್ನು ಎತ್ತಲು ಬಗ್ಗಿದಾಗ, ಸದ್ದಿಲ್ಲದೆ ಕೈ ಕಚ್ಚಿತು. ಗಾಯ ನೋಡಿದವನು ನಾನೇ, ಎರಡು ಹಲ್ಲು ಆಳಕ್ಕೆ ಇಳಿದಿದ್ದವು. ಗುರುಗುಟ್ಟುವುದು ನಾಯಿಯ ಎಚ್ಚರಿಕೆಯ ಗಂಟೆ. ಶಾಕ್ ಕೊಟ್ಟು ಗಂಟೆಯನ್ನು ಕಿತ್ತುಹಾಕಿದ್ದರು, ಒಳಗಿನ ಭಯ ಹಾಗೇ ಇತ್ತು. ಟೈಫಾಯ್ಡಿಗೆ ಬರೀ ಪ್ಯಾರಾಸಿಟಮಾಲ್ ಕೊಟ್ಟು ವಾಸಿಯಾಯಿತು ಎಂದಂತೆ. ಪ್ರಾಣಿಗಳ ವರ್ತನೆಯ ಪಶುವೈದ್ಯರ ಸಂಘವಾದ ಎವಿಎಸ್‌ಎಬಿ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ: ಬಹುಮಾನದಿಂದ ಕಲಿಸಿ, ನೋವಿನಿಂದ ಬೇಡ. ಅಂದ ಹಾಗೆ, ಇಲ್ಲಿ ಕಚ್ಚಿದ ನಾಯಿಯನ್ನು ಹತ್ತು ದಿನ ಪ್ರತ್ಯೇಕ ಇಡಬೇಕು, ಕೌಂಟಿಗೆ ತಿಳಿಸಬೇಕು. ಹೊರಗಿನವರನ್ನು ಕಚ್ಚಿದರೆ ಮೊದಲ ಸಲವೇ ಆದರೂ ಯಜಮಾನರೇ ಹೊಣೆ.

ನಮ್ಮ ಕಾಳಿ ಕಲಿತದ್ದು ಎಂಟು ಜನರ ಗುಂಪು ತರಗತಿಯಲ್ಲಿ, ಎಲ್ಲರೂ ಕುಳಿತು ನೋಡಬಹುದಾದ ಜಾಗದಲ್ಲಿ. ಟ್ರೇನರ್ ನಾಯಿಗಿಂತ ಹೆಚ್ಚಾಗಿ ನಮಗೇ ಪಾಠ ಮಾಡಿದರು. ಮೆಡಿಕಲ್ ಕಾಲೇಜಿನ ಫಿಸಿಯಾಲಜಿಯಲ್ಲಿ ಓದಿದ ಪಾವ್ಲೋವ್ ಮತ್ತೆ ಎದುರಾದ! ನಮ್ಮ ಮನೆಯಲ್ಲಿ ಮಗ "ನೋ", ಹೆಂಡತಿ "ಬೇಡ", ಅಮ್ಮ "ಛೀ". ಒಂದೇ ಪದ ಇರಲಿ ಎಂದರು. "ಬೇಡ" ಎಂದು ತೀರ್ಮಾನಿಸಿದರೆ ಕಾಳಿ ಅದನ್ನು "ಬಾ" ಎಂದು ತಿಳಿದು ಓಡಿ ಬರುತ್ತಿತ್ತು. ಕೊನೆಗೆ "ಸಾಕು" ಎಂದಾಯಿತು. ಬಹುಮಾನಕ್ಕೆ ಬೇಯಿಸಿದ ಕ್ಯಾರೆಟ್ ಚೂರು ಸಾಕಾಗುತ್ತದೆ. ಒಣದ್ರಾಕ್ಷಿ, ಈರುಳ್ಳಿ ಮಾತ್ರ ನಾಯಿಗೆ ವಿಷ.

ಸ್ಯಾನ್ ಡಿಯಾಗೊದ ಆ ನಾಯಿಯನ್ನು ಬಿಟ್ಟುಬಿಡಬೇಕೆ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಬೇಡವೆಂದವರು ಕಚ್ಚಿಸಿಕೊಂಡ ಅಜ್ಜಿಯೇ. "ಅದಕ್ಕೂ ಹೆದರಿಕೆ, ನನಗೂ ಹೆದರಿಕೆ, ಇಬ್ಬರೂ ದೂರ ದೂರ ಇರ್ತೀವಿ ಬಿಡಪ್ಪ" ಎಂದರು. ವರ್ತನೆಯ ತಜ್ಞ ಪಶುವೈದ್ಯೆಯೊಬ್ಬರು ಫ್ಲುಯೊಕ್ಸೆಟಿನ್ ಬರೆದುಕೊಟ್ಟರು, ನನ್ನ ರೋಗಿಗಳಿಗೆ ನಾನು ಬರೆಯುವ ಮಾತ್ರೆಯೇ! ಶಾಕಿನ ಪಟ್ಟಿ ಕಸಕ್ಕೆ ಹೋಯಿತು. ಹೊಸ ಟ್ರೇನರ್ ವಾರಕ್ಕೊಮ್ಮೆ ಮನೆಗೇ ಬಂದು, ಮನೆಯವರ ಎದುರಿಗೇ ಕಲಿಸಿದರು. ಹದಿನಾಲ್ಕು ತಿಂಗಳು ಹಿಡಿಯಿತು. ನಾಯಿ ಈಗ ಮತ್ತೆ ಗುರ್ ಎನ್ನುತ್ತದೆ, ಮನೆಯವರು ಅದನ್ನು ಕೇಳಿ ಅತಿಥಿಗಳನ್ನು ಹಿಂದೆ ಸರಿಸುತ್ತಾರೆ. ಕಳೆದ ಗಣೇಶನ ಹಬ್ಬಕ್ಕೆ ನಾವು ಹೋದಾಗ ಅದು ಮಹಡಿಯ ಕೋಣೆಯಲ್ಲಿ, ಬಾಗಿಲಿಗೆ ಹಾಕಿದ ಸಣ್ಣ ಗೇಟಿನ ಹಿಂದೆ ಮಲಗಿತ್ತು. ಅಜ್ಜಿ ಗೇಟಿನ ಈಚೆ ಕುರ್ಚಿ ಹಾಕಿಕೊಂಡು ಹೂ ಕಟ್ಟುತ್ತಿದ್ದರು.