ನೆನಪಿಗೆ ಬಂದದ್ದೇ ಲೆಕ್ಕವಾದಾಗ



ಗಲ್ಲಾದಲ್ಲಿ ಕುಳಿತ ನಮಗೆ ದಿನಕ್ಕೆ ನೂರು ತೀರ್ಮಾನ. ನಾಳೆಗೆ ಎಷ್ಟು ಅಕ್ಕಿ ನೆನೆಹಾಕಬೇಕು, ಈ ಗಿರಾಕಿಗೆ ಸಾಲ ಕೊಡಬಹುದೇ, ಹೊಸ ಭಟ್ಟರು ನಿಲ್ಲುತ್ತಾರೆಯೇ? ಎಲ್ಲಕ್ಕೂ ಲೆಕ್ಕ ಹಾಕುತ್ತಾ ಕುಳಿತರೆ ವ್ಯಾಪಾರ ನಡೆಯದು. ಆದ್ದರಿಂದ ಮನಸ್ಸು ಒಳದಾರಿ ಹಿಡಿಯುತ್ತದೆ. ಬಹಳ ಸಲ ಅದು ಸರಿಯಾಗಿಯೇ ಮುಟ್ಟಿಸುತ್ತದೆ. ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದರು. ಕಾನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಟ್ವೆರ್ಸ್ಕಿ 1996ರಲ್ಲೇ ತೀರಿಕೊಂಡಿದ್ದರು.

ಅವರು ಕಂಡುಕೊಂಡದ್ದರಲ್ಲಿ ಒಂದು ನಮಗೆ ಬಹಳ ಹತ್ತಿರದ್ದು. ಯಾವುದು ಬೇಗ ನೆನಪಿಗೆ ಬರುತ್ತದೋ ಅದೇ ಹೆಚ್ಚಾಗಿ ನಡೆಯುತ್ತದೆ ಎಂದು ನಾವು ನಂಬಿಬಿಡುತ್ತೇವೆ. (ಮದುವೆ ಆರ್ಡರಿನವರು ಮೊದಲು ಎಲೆಗಿಷ್ಟು ಎಂದು ಒಂದು ದರ ಹೇಳಿಬಿಟ್ಟರೆ ನಮ್ಮ ಲೆಕ್ಕವೆಲ್ಲ ಅದರ ಸುತ್ತಲೇ ತಿರುಗುವುದೂ ಇದೇ ಜಾತಿಯ ತಪ್ಪು. ಅದನ್ನು ಇನ್ನೊಂದು ಸಂಚಿಕೆಯಲ್ಲಿ ನೋಡೋಣ.)

ಆಂಧ್ರದಲ್ಲಿ ಹೋಟೆಲ್ ನಡೆಸುವ ನಮ್ಮವರು ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೇ ಅಪ್ಪಳಿಸಿತು. ದಿನಗಟ್ಟಲೆ ಕರೆಂಟಿಲ್ಲ, ಹಾಲು ನೀರಿಗೆ ಪರದಾಟ. ಅದನ್ನು ಕಂಡವರಿಗೆ ಅಪಾಯ ಎಂದರೆ ಗಾಳಿ. ವಿಜಯವಾಡದವರಿಗೆ ನೆರೆ ಎಂದರೆ ಕೃಷ್ಣೆ. 2009ರಲ್ಲಿ ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್ಸ್ ಹರಿದದ್ದು ಕಣ್ಣಿಗೆ ಕಟ್ಟಿದಂತಿದೆ. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಅಲ್ಲಿ ಅದಕ್ಕಿಂತ ಹೆಚ್ಚು, 11.43 ಲಕ್ಷ ಕ್ಯೂಸೆಕ್ಸ್ ಬಂತು. ಎಲ್ಲರ ಕಣ್ಣು ನದಿಯ ಮೇಲೆ. ಆದರೆ ಅಜಿತ್ ಸಿಂಗ್ ನಗರದ ಕಡೆ ದಿನಗಟ್ಟಲೆ ನಿಂತ ನೀರು ಬುಡಮೇರು ಎಂಬ ಹಳ್ಳದ್ದು! ಅದು 2005ರಲ್ಲೂ ಊರೊಳಗೆ ನುಗ್ಗಿತ್ತು. ನಡುವೆ 19 ವರ್ಷ ಕಳೆದಿತ್ತು. ಆಮೇಲೆ ಅಂಗಡಿ ಹಾಕಿದವರಿಗೆ ನೆನಪಿಗೆ ಬರುವುದಕ್ಕೆ ಏನೂ ಇರಲಿಲ್ಲ.

ವಿಮೆಯಲ್ಲೂ ಇದೇ ಕಥೆ. ನೀರು ಬಂದ ವರ್ಷ ಓಡಿಹೋಗಿ ಪಾಲಿಸಿ ಮಾಡಿಸುತ್ತೇವೆ. ಎರಡು ಮೂರು ವರ್ಷ ಏನೂ ಆಗದಿದ್ದರೆ ‘ಕಟ್ಟಿದ್ದೆಲ್ಲ ದಂಡ’ ಎಂದು ನವೀಕರಿಸದೆ ಬಿಡುತ್ತೇವೆ. ಕಡಿಮೆಯಾದದ್ದು ಮಳೆಯಲ್ಲ, ನಮ್ಮ ನೆನಪು. ಒಂದು ಸ್ಥಳದಲ್ಲಿ 5 ಕೋಟಿ ರೂ.ವರೆಗಿನ ಆಸ್ತಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ 2021ರ ಏಪ್ರಿಲ್‌ನಿಂದ ಇದೆ. ಬೆಂಕಿ, ಚಂಡಮಾರುತ, ನೆರೆ ಮೂರೂ ಅದರಲ್ಲಿ ಸೇರಿವೆ. ಬಾಗಿಲು ಹಾಕಿದ ದಿನಗಳ ವ್ಯಾಪಾರ ನಷ್ಟ ಮಾತ್ರ ಸೇರಿಲ್ಲ; ಅದಕ್ಕೆ ಬೇರೆಯೇ ಮಾಡಿಸಬೇಕು. ಕಟ್ಟಡದ ಮಾಲೀಕರು ತಮ್ಮ ಕಟ್ಟಡಕ್ಕೆ ಮಾಡಿಸಿದ ವಿಮೆ ನಮ್ಮ ಗ್ರೈಂಡರಿಗೂ ದಿನಸಿಗೂ ಆಗುತ್ತದೆ ಎಂದು ಭಾವಿಸಬೇಡಿ.

ಹೊಸ ಜಾಗ ಹಿಡಿಯುವ ಮುನ್ನ ಆ ಬೀದಿಯಲ್ಲಿ ಮೂವತ್ತು ವರ್ಷದಿಂದ ಇರುವ ಕಿರಾಣಿಯವರನ್ನೋ ಕ್ಷೌರದಂಗಡಿಯವರನ್ನೋ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ, ಗೋಡೆಯ ಮೇಲೆ ಗುರುತು ಹಾಕಿಸಿ. ಉಗ್ರಾಣದ ಹಲಗೆ, ಮೈನ್ ಸ್ವಿಚ್ಚು, ಫ್ರಿಜ್ಜಿನ ಪ್ಲಗ್ಗು ಆ ಗುರುತಿಗಿಂತ ಮೇಲಿರಲಿ.