ತಲೆಗೊಂದು ನಕ್ಷೆ, ಟೋಪಿಗೊಂದು ಅಚ್ಚು

ಕಾನ್‌ಫಾರ್ಮೇಟರನ್ನು ತಲೆಗೇರಿಸಿಕೊಂಡು ಕೂತವರನ್ನು ಕಂಡರೆ ಎಂಥವರಿಗೂ ನಗು ಬಂದೀತು. ಎತ್ತರದ ಟೋಪಿಯ ಆಕಾರದ ಈ ಉಪಕರಣ ಹುಟ್ಟಿದ್ದು 1840ರ ದಶಕದ ಪ್ಯಾರಿಸ್ಸಿನಲ್ಲಿ. ಇದರ ಸುತ್ತಲೂ ಒತ್ತೊತ್ತಾಗಿ ನಿಂತ ಪಟ್ಟಿಗಳಿರುತ್ತವೆ. ತಲೆಗೆ ತೊಡಿಸಿದಾಗ ಉಬ್ಬಿದ ಕಡೆ ಪಟ್ಟಿ ಹೊರಕ್ಕೆ ಸರಿಯುತ್ತದೆ, ತಗ್ಗಿದ ಕಡೆ ಒಳಗೇ ಉಳಿಯುತ್ತದೆ. ಮೇಲಿನ ಮುಚ್ಚಳದಲ್ಲಿ ಒಂದು ಚೀಟಿ ಸಿಕ್ಕಿಸಿ ಒತ್ತಿದರೆ ಪಟ್ಟಿಗಳಿಗೆ ಹೊಂದಿಕೊಂಡ ಸೂಜಿಗಳು ಅದನ್ನು ಚುಚ್ಚಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ನಕ್ಷೆಯೊಂದನ್ನು ಮೂಡಿಸುತ್ತವೆ. ಸುತ್ತಳತೆ ಕುಗ್ಗಿದರೂ ಉಬ್ಬುತಗ್ಗುಗಳು ಕುಗ್ಗುವುದಿಲ್ಲ. ಹಾಗಾಗಿ ದುಂಡಗಿದೆ ಎಂದುಕೊಂಡಿದ್ದ ನಮ್ಮ ತಲೆ ಆ ಚೀಟಿಯಲ್ಲಿ ಸೊಟ್ಟ ಆಲೂಗಡ್ಡೆಯಾಗಿ ಕಾಣುತ್ತದೆ. ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ 1676ರಿಂದ ನಡೆದುಬಂದಿರುವ ಲಾಕ್ ಅಂಡ್ ಕಂಪನಿ ಗಟ್ಟಿ ಟೋಪಿಗಳನ್ನು ಗಿರಾಕಿಯ ತಲೆಗೆ ಕೂರಿಸಲು ಇಂದಿಗೂ ಇದನ್ನೇ ನೆಚ್ಚಿಕೊಂಡಿದೆ.

ಇಂಥ ಸಲಕರಣೆಗಳನ್ನು ಹುಡುಕಿ ಕೊಳ್ಳುವವರ ಒಂದು ಸಣ್ಣ ಬಳಗ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಇದೆ. ಅವರಲ್ಲಿ ಅನೇಕರು ಕೊಂಡದ್ದನ್ನು ಗಾಜಿನ ಕಪಾಟಿನಲ್ಲಿಡುವವರಲ್ಲ, ಅದರಿಂದಲೇ ಟೋಪಿ ಮಾಡುವವರು. ಹಳೆಯದರ ಮೋಹಕ್ಕಿಂತ ಅನಿವಾರ್ಯತೆಯೇ ಇಲ್ಲಿ ದೊಡ್ಡದು. ಟೋಪಿ ಕಾರ್ಖಾನೆಗಳು ಮುಚ್ಚಿದಂತೆ ಅವುಗಳಿಗೆ ಸಲಕರಣೆ ಮಾಡಿಕೊಡುತ್ತಿದ್ದವರೂ ಕಸುಬು ಬಿಟ್ಟರು. ಮ್ಯಾಂಚೆಸ್ಟರ್ ಬಳಿಯ ಸ್ಟಾಕ್‌ಪೋರ್ಟ್ 1884ರ ಹೊತ್ತಿಗೆ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಟೋಪಿಗಳನ್ನು ಹೊರದೇಶಗಳಿಗೆ ಕಳಿಸುತ್ತಿತ್ತು. ಅಲ್ಲಿನ ಕ್ರಿಸ್ಟಿ ಕಾರ್ಖಾನೆ 1997ರಲ್ಲಿ ಬಾಗಿಲು ಹಾಕಿತು. ಊರಿನ ಫುಟ್ಬಾಲ್ ತಂಡವನ್ನು ಮಾತ್ರ ಜನ ಈಗಲೂ ‘ಹ್ಯಾಟರ್ಸ್’ ಎಂದೇ ಕರೆಯುತ್ತಾರೆ. ಹುಲ್ಲಿನ ಟೋಪಿಗೆ ಹೆಸರಾದ ಲೂಟನ್ನಿನ ತಂಡಕ್ಕೂ ಅದೇ ಅಡ್ಡಹೆಸರು.

ಕೊಳ್ಳುವವರ ಕಣ್ಣು ಮೊದಲು ಬೀಳುವುದು ಮರದ ಅಚ್ಚುಗಳ ಮೇಲೆ. ಫೆಲ್ಟ್ ನೇಯ್ದ ಬಟ್ಟೆಯಲ್ಲ. ಮೊಲದ್ದೋ ಬೀವರಿನದ್ದೋ ತುಪ್ಪಳಿನ ಎಳೆಗಳು ಬಿಸಿನೀರಿನಲ್ಲಿ ಉಜ್ಜಿಸಿಕೊಂಡು, ಹೊರಳಿಸಿಕೊಂಡು ಒಂದಕ್ಕೊಂದು ತೊಡರಿಕೊಂಡ ಹಾಳೆ ಅದು. ಹಬೆ ತಾಗಿದರೆ ಮೆತ್ತಗಾಗುತ್ತದೆ. ಆಗ ಅಚ್ಚಿನ ಮೇಲೆ ಎಳೆದು ಕೂರಿಸಿ, ಬುಡಕ್ಕೆ ಹುರಿ ಬಿಗಿದು ಒಣಗಲು ಬಿಟ್ಟರೆ ಮರದ ಆಕಾರ ಫೆಲ್ಟಿಗೆ ಬರುತ್ತದೆ. ಅಚ್ಚನ್ನು ಲೈಮ್, ಆಲ್ಡರ್, ಪಾಪ್ಲರ್‌ನಂಥ ಒತ್ತಾದ ಎಳೆಯ ಮರದಲ್ಲಿ ಕಡೆಯುತ್ತಿದ್ದರು. ಸಿಪ್ಪೆ ಏಳುವ ಮರವಾದರೆ ಅದರ ಒಂದೊಂದು ಗೆರೆಯೂ ಟೋಪಿಯ ಮೇಲೆ ಕಂಡುಬಿಡುತ್ತದೆ.

ಟೋಪಿಯ ಬಾಯಿ ಕಿರಿದಾಗಿ ನೆತ್ತಿ ಅಗಲವಾಗಿದ್ದರೆ ಒಣಗಿದ ಮೇಲೆ ಅಚ್ಚನ್ನು ಹೊರಗೆ ತೆಗೆಯುವುದು ಹೇಗೆ? ಅದಕ್ಕೆ ಐದೋ ಆರೋ ತುಂಡುಗಳ ಒಗಟಿನ ಅಚ್ಚು ಇದೆ. ನಡುವಿನ ತುಂಡೇ ಬೀಗ. ಅದನ್ನು ಕೆಳಕ್ಕೆ ಜಾರಿಸಿದರೆ ಉಳಿದವು ಸಡಿಲಗೊಂಡು ಒಂದೊಂದಾಗಿ ಹೊರಬರುತ್ತವೆ. ಅರ್ಧ ಮಿಲಿಮೀಟರಿನ ಸಂದು ಉಳಿದರೂ ಫೆಲ್ಟಿನ ಮೇಲೆ ಗೆರೆ ಬೀಳುವುದರಿಂದ ಬಡಗಿಯ ನಿಜವಾದ ಪರೀಕ್ಷೆ ಇಲ್ಲೇ. ಬ್ರಿಟನ್ನಿನ ಹೆರಿಟೇಜ್ ಕ್ರಾಫ್ಟ್ಸ್ ಸಂಸ್ಥೆ ಅಳಿವಿನಂಚಿನ ಕಸುಬುಗಳ ಕೆಂಪು ಪಟ್ಟಿಯಲ್ಲಿ ಟೋಪಿಯ ಅಚ್ಚು ಕಡೆಯುವುದನ್ನೂ ಸೇರಿಸಿದೆ.

ಹಳೆಯ ಅಚ್ಚನ್ನು ಕೊಳ್ಳುವಾಗ ಅದರ ತಳ ನೋಡಬೇಕು. ಅಳತೆಯ ಅಂಕಿ ಕೊರೆದಿರುವುದು ಅಲ್ಲಿ. ಅಂಕಿ ನೋಡಿದರೆ ಸಾಲದು, ಯಾವ ದೇಶದ್ದೆಂದೂ ತಿಳಿಯಬೇಕು. ಇಂಗ್ಲಿಷರ 7, ಅಮೆರಿಕದವರ ಲೆಕ್ಕದಲ್ಲಿ 7⅛. ಎರಡೂ ಸುಮಾರು 57 ಸೆಂಟಿಮೀಟರ್ ಸುತ್ತಳತೆಯ ತಲೆಗೇ. ಇದನ್ನು ಕೇಳದೆ ಹರಾಜು ಕೂಗಿ ಟೋಪಿ ಹಾಕಿಸಿಕೊಳ್ಳುವವರಿಗೆ ಬರವಿಲ್ಲ. ಆಮೇಲೆ ಅಂಚಿನ ಗುಂಡುಸೂಜಿ ತೂತುಗಳು. ಒಂದಷ್ಟಿದ್ದರೆ ಅಚ್ಚು ದುಡಿದಿದೆ ಎಂದರ್ಥ. ಜರಡಿಯಾಗಿದ್ದರೆ ಸೂಜಿ ಹಿಡಿಯುವ ಶಕ್ತಿಯೇ ಹೋಗಿರುತ್ತದೆ, ಬಿಟ್ಟುಬಿಡುವುದು ವಾಸಿ.

ಸಣ್ಣಪುಟ್ಟ ಸಲಕರಣೆಗಳಲ್ಲಿ ನನಗೆ ಮೆಚ್ಚುಗೆಯಾಗುವುದು ರೌಂಡಿಂಗ್ ಜಾಕ್. ಇದರ ಬಾಗಿದ ಮೈಯನ್ನು ಟೋಪಿಯ ಗೋಡೆಗೆ ಒರಗಿಸಿ ಸುತ್ತಲೂ ಎಳೆದರೆ, ಬೇಕಾದಷ್ಟು ದೂರಕ್ಕೆ ಹೊಂದಿಸಿದ ಅಲಗು ಅಂಚನ್ನು ಎಲ್ಲೂ ಅಗಲ ತಪ್ಪದಂತೆ ಕತ್ತರಿಸುತ್ತದೆ. ಕತ್ತರಿ ಹಿಡಿದು ಇದೇ ಕೆಲಸಕ್ಕೆ ಹೊರಟು ನೋಡಿ, ಅಂಡಾಕಾರದ ಟೋಪಿ ಎಷ್ಟು ಹಟಮಾರಿ ಎಂದು ಗೊತ್ತಾಗುತ್ತದೆ. ಗೋಡೆ ಮತ್ತು ಅಂಚು ಕೂಡುವ ಮೂಲೆಯನ್ನು ಚೂಪಾಗಿ ಒತ್ತುವ ಟಾಲಿಕರ್ ಅಂಗೈಗೆ ಒಗ್ಗುವ ಸಣ್ಣ ತುಂಡು. ಕೈ ಉಜ್ಜಿ ಉಜ್ಜಿ ನುಣುಪಾದ ಹಳೆಯದಕ್ಕೆ ಹೊಸದಕ್ಕಿಂತ ಬೇಡಿಕೆ ಹೆಚ್ಚು.

ಕಣ್ಣಿಗೇ ಬೀಳದಷ್ಟು ಅಪರೂಪವಾಗಿರುವುದು ಟೋಪಿಗಾರರ ಬಿಲ್ಲು. ಆಳುದ್ದಕ್ಕಿಂತ ಮಿಗಿಲಾದ ಮರದ ಗಳಕ್ಕೆ ಕರುಳಿನ ತಂತಿ ಬಿಗಿದು, ಮಾಡಿನಿಂದ ತೂಗುಬಿಟ್ಟು, ಮೇಜಿನ ಮೇಲಿನ ತುಪ್ಪಳಿನಲ್ಲಿ ತಂತಿಯನ್ನು ಮೀಟುತ್ತಿದ್ದರು. ಗಂಟುಗಳು ಬಿಡಿಸಿಕೊಂಡು, ಕಸ ಕೆಳಗುಳಿದು, ಎಳೆಗಳು ಹಗುರವಾಗಿ ಹರಡಿಕೊಳ್ಳುತ್ತಿದ್ದವು. ನಮ್ಮಲ್ಲಿ ಪಿಂಜಾರರು ಹಾಸಿಗೆಯ ಅರಳೆ ಹಿಂಜಲು ಹೆಗಲಿಗೇರಿಸಿಕೊಂಡು ಬರುತ್ತಿದ್ದ ಬಿಲ್ಲಿನ ಕೆಲಸವೂ ಇದೇ. ಟೋಪಿಯನ್ನು ಗಟ್ಟಿಯಾಗಿಸಲು ಬಳಸಿದ ಅರಗೂ ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಹೋದದ್ದು.

ಈ ಹವ್ಯಾಸದಲ್ಲಿ ಅಪಾಯವೂ ಇದೆ. ತುಪ್ಪಳಿನ ಎಳೆಗಳು ಚೆನ್ನಾಗಿ ತೊಡರಿಕೊಳ್ಳಲೆಂದು ಚರ್ಮಕ್ಕೆ ಪಾದರಸದ ನೈಟ್ರೇಟ್ ಹಚ್ಚುತ್ತಿದ್ದರು. ಹಬೆಯೊಂದಿಗೆ ಎದ್ದ ಪಾದರಸವನ್ನು ವರ್ಷಗಟ್ಟಲೆ ಉಸಿರಾಡಿದವರ ಕೈ ನಡುಗುತ್ತಿತ್ತು, ನಾಲಿಗೆ ತೊದಲುತ್ತಿತ್ತು, ಸ್ವಭಾವವೇ ಬದಲಾಗುತ್ತಿತ್ತು. ಟೋಪಿಯ ಪೇಟೆಯೆನಿಸಿದ್ದ ಅಮೆರಿಕದ ಡ್ಯಾನ್‌ಬರಿಯಲ್ಲಿ ಆ ನಡುಕಕ್ಕೆ ಊರಿನ ಹೆಸರೇ ಅಂಟಿತು. ಅಮೆರಿಕದಲ್ಲಿ ಫೆಲ್ಟ್ ತಯಾರಿಕೆಯಿಂದ ಪಾದರಸ ಹೊರಬಿದ್ದದ್ದು 1941ರಲ್ಲಿ. ಅದಕ್ಕೂ ಹಿಂದಿನ ಫೆಲ್ಟಿನಲ್ಲಿ ಅದು ಇನ್ನೂ ಕೂತಿರಬಹುದಾದ್ದರಿಂದ ಹಳೆಯ ಟೋಪಿ ಕೈಗೆ ಸಿಕ್ಕಿತೆಂದು ಅಡುಗೆಮನೆಯ ಕೆಟಲ್ಲಿನ ಹಬೆಗೆ ಹಿಡಿಯಬಾರದು. ಹಳೆಯ ಅಚ್ಚಿನ ಮೇಲೆ ಹೊಸ ಫೆಲ್ಟನ್ನೇ ಎಳೆಯಬೇಕು.

ಕೊಳ್ಳುವುದಕ್ಕೆ ಮೊದಲು ಇವೆಲ್ಲ ದುಡಿಯುತ್ತಿದ್ದ ಬಗೆಯನ್ನು ನೋಡುವ ಆಸೆಯಿದ್ದರೆ ಸ್ಟಾಕ್‌ಪೋರ್ಟಿನ ಹ್ಯಾಟ್ ವರ್ಕ್ಸ್ ವಸ್ತುಸಂಗ್ರಹಾಲಯವಿದೆ. ಹತ್ತಿ ನೂಲುವ ಹಳೆಯ ವೆಲ್ಲಿಂಗ್‌ಟನ್ ಗಿರಣಿಯಲ್ಲಿ 2000ದಲ್ಲಿ ತೆರೆದ ಅದರಲ್ಲಿ ಕಾರ್ಖಾನೆಯ ಯಂತ್ರಗಳನ್ನೂ ಅಚ್ಚುಗಳನ್ನೂ ಇಟ್ಟಿದ್ದಾರೆ. ಮಾರುಕಟ್ಟೆಯಲ್ಲಿ ಟೋಪಿಗಾರರಿಗೆ ಪೈಪೋಟಿ ಕೊಡುವವರು ಮನೆ ಸಿಂಗರಿಸುವವರು. ಮೇಣ ತಿಕ್ಕಿ ಹೊಳಪಿಸಿದ ಅಚ್ಚು ದಿವಾನಖಾನೆಯಲ್ಲಿ ಚೆನ್ನಾಗಿ ಒಪ್ಪುತ್ತದೆ ನಿಜ. ಆದರೆ ಅದನ್ನು ಮೇಜಿನ ದೀಪವಾಗಿಸಲು ತಂತಿಗೆಂದು ನೆತ್ತಿಯಲ್ಲಿ ತೂತು ಕೊರೆದರೆ, ಆಮೇಲೆ ಅಗ್ಗಕ್ಕೆ ಕೊಟ್ಟರೂ ಟೋಪಿ ಮಾಡುವವರು ಮುಟ್ಟುವುದಿಲ್ಲ. ಒದ್ದೆ ಫೆಲ್ಟಿನ ಮೇಲೆ ಆ ತೂತು ಪ್ರತಿ ಸಲವೂ ಮೂಡುತ್ತದೆ.