ಮಳೆಯಿಲ್ಲದೆ ಸೋರುವ ಪತ್ರಾ

ಡಿಸೆಂಬರಿನಲ್ಲಿ, ಮಳೆ ನಿಂತು ಎಷ್ಟೋ ವಾರಗಳಾದ ಮೇಲೆ, ಜಹೀರಾಬಾದ್ ಸೀಮೆಯ ಪತ್ರಾ ಮನೆಗಳು ಸೋರತೊಡಗುತ್ತವೆ. ನಸುಕಿನಲ್ಲಿ ಎದ್ದರೆ ಹೊದ್ದ ಕೌದಿ ಒದ್ದೆ, ತಗಡಿನ ಒಳಮೈ ತುಂಬ ಸಾಲು ಹನಿ. ಎಲ್ಲೋ ತೂತು ಬಿದ್ದಿದೆ ಎಂದು ಮನೆಯವರು ಡಾಂಬರು ಮೆತ್ತುತ್ತಾರೆ, ಮೇಲೊಂದು ತಾಡಪತ್ರಿ ಎಳೆಯುತ್ತಾರೆ, ಗೋಡೆಯ ಸಂದಿಗಳಿಗೆ ಬಟ್ಟೆ ತುರುಕುತ್ತಾರೆ. ಮರುದಿನ ಹನಿ ಇನ್ನೂ ಹೆಚ್ಚು!

ಆ ನೀರು ಮೇಲಿನಿಂದ ಬಂದದ್ದಲ್ಲ, ಒಳಗೆ ಮಲಗಿದವರ ಉಸಿರಿನಿಂದ ಬಂದದ್ದು. ನಿದ್ದೆಯಲ್ಲಿರುವ ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರಾವಿ ಹೊರಬೀಳುತ್ತದೆ. ನಾಲ್ವರು ಎಂಟು ಗಂಟೆ ಮಲಗಿದರೆ ಒಂದು ಲೀಟರಿಗೂ ಮೇಲಾಯಿತು. ಹತ್ತು ಅಡಿಗೆ ಹನ್ನೆರಡು ಅಡಿಯ, ಎಂಟು ಅಡಿ ಎತ್ತರದ ಕೋಣೆಯಲ್ಲಿ 27 ಘನಮೀಟರ್ ಗಾಳಿ ಇರುತ್ತದೆ. 15 ಡಿಗ್ರಿಯಲ್ಲಿ ಅಷ್ಟೂ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಹೆಚ್ಚೆಂದರೆ 350 ಗ್ರಾಂ. ಉಳಿದದ್ದಕ್ಕೆ ಹೊರಹೋಗಲು ದಾರಿಯಿಲ್ಲದಿದ್ದರೆ ಅದು ಕೋಣೆಯಲ್ಲೇ ಎಲ್ಲಕ್ಕಿಂತ ತಣ್ಣಗಿರುವ ಜಾಗ ಹುಡುಕಿ ಕೂರುತ್ತದೆ. ಆ ಜಾಗವೇ ಪತ್ರಾ.

ಪತ್ರಾ ಅಷ್ಟು ತಣ್ಣಗಾಗಲು ಆಕಾಶ ಕಾರಣ. ಬೀದರ್‌ನಿಂದ ಕೋಹೀರ್‌ವರೆಗೆ ಹಬ್ಬಿದ ಈ ಜಂಬಿಟ್ಟಿಗೆಯ ಎತ್ತರದ ನೆಲದಲ್ಲಿ ಚಳಿಗಾಲದ ರಾತ್ರಿ ಮೋಡವಿರುವುದಿಲ್ಲ, ಗಾಳಿ ಒಣಗಿರುತ್ತದೆ. ತೆಲಂಗಾಣದ ಅತಿ ಕಡಿಮೆ ಉಷ್ಣಾಂಶದ ಪಟ್ಟಿಯಲ್ಲಿ ಕೋಹೀರ್ ಹೆಸರು ಮತ್ತೆ ಮತ್ತೆ ಕಾಣುತ್ತದೆ. 5 ಡಿಗ್ರಿಯ ಆಸುಪಾಸಿಗೆ ಇಳಿದದ್ದೂ ಉಂಟು. ಮುಗಿಲಿಲ್ಲದ ಬಾನಿಗೆ ಮುಖಮಾಡಿದ ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ಅವಕೆಂಪು ಕಿರಣಗಳಾಗಿ ಮೇಲಕ್ಕೆ ಕಳೆದುಕೊಳ್ಳುತ್ತದೆ. ತೆಳ್ಳಗಿನ ತಗಡಿಗೆ ಕೂಡಿಟ್ಟ ಶಾಖವೇ ಇಲ್ಲ. ಹಾಗಾಗಿ ಅದು ಸುತ್ತಲಿನ ಗಾಳಿಗಿಂತಲೂ ಕೆಲವು ಡಿಗ್ರಿ ಕೆಳಗಿಳಿಯುತ್ತದೆ. ಹೊಳೆಯುವ ಹೊಸ ತಗಡಿಗಿಂತ ಬಣ್ಣ ಬಳಿದ ತಗಡು ಶಾಖವನ್ನು ಬೇಗ ಬಿಡುತ್ತದೆ ಎಂಬುದು ಹಲವರಿಗೆ ನಂಬಲಾಗದ ಮಾತು, ಆದರೆ ನಿಜ.

ಅಮೆರಿಕ, ಕೆನಡಾಗಳ ಹಿಮದ ಊರುಗಳಲ್ಲಿ ಕಾರ್ಖಾನೆಯಲ್ಲೇ ಕಟ್ಟಿ ಎಳೆದುತಂದು ನಿಲ್ಲಿಸುವ ‘ಮೊಬೈಲ್ ಹೋಮ್’ಗಳಿಗೂ ಇದೇ ಪೀಡೆ. ಅಮೆರಿಕದಲ್ಲಿ 1976ರ ಜೂನ್‌ನಿಂದ ಇವುಗಳ ಕಟ್ಟೋಣಕ್ಕೆ ಸರ್ಕಾರದ ನಿಯಮಗಳೇ ಇವೆ. ಅಲ್ಲಿ ಮೂರು ಕೆಲಸ ಮಾಡುತ್ತಾರೆ: ನೆಲದಿಂದ ಮೇಲೆ ನಿಂತ ಮನೆಯ ಅಡಿಗೆ ಚಳಿಗಾಳಿ ನುಗ್ಗದಂತೆ ಸುತ್ತ ಅಡ್ಡಗಟ್ಟುತ್ತಾರೆ, ಗೋಡೆಯೊಳಗೆ ಗಾಳಿ ಹಿಡಿದಿಡುವ ಹತ್ತಿಯಂಥದ್ದನ್ನು ತುಂಬುತ್ತಾರೆ, ಆವಿಯನ್ನು ತಡೆಯುವ ಹಾಳೆಯನ್ನು ಬೆಚ್ಚಗಿನ ಒಳಮಗ್ಗುಲಿಗೆ ಕೂರಿಸುತ್ತಾರೆ. ನಮ್ಮವರು ತಾಡಪತ್ರಿಯನ್ನು ತಗಡಿನ ಮೇಲೆ ಹಾಕುತ್ತಾರೆ. ಮಳೆಗೆ ಅದು ಸರಿ, ಚಳಿಗೆ ದಂಡ.

ಇಲ್ಲಿಗೆ ಒಗ್ಗುವ ರಿಪೇರಿ ಇಷ್ಟೇ. ತಗಡಿನ ಕೆಳಗೆ ಮೂರು ಬೆರಳು ಅಂತರ ಬಿಟ್ಟು ಹಳೇ ಫ್ಲೆಕ್ಸ್ ಬ್ಯಾನರನ್ನು ತುಸು ಇಳಿಜಾರಾಗಿ, ಒಲೆಯಿಂದ ದೂರವಾಗಿ ಬಿಗಿದು ಕಟ್ಟಬೇಕು. ಹನಿ ಬಿದ್ದರೂ ಅಂಚಿಗೆ ಹರಿದುಹೋಗುತ್ತದೆ. ನಡುವಿನ ಗಾಳಿಯೇ ಹೊದಿಕೆ, ಏಕೆಂದರೆ ಉಕ್ಕಿಗೆ ಹೋಲಿಸಿದರೆ ನಿಂತ ಗಾಳಿ ಶಾಖವನ್ನು ಸಾಗಿಸುವುದು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಗೋಡೆಯ ತುದಿಯಲ್ಲಿ ಎದುರುಬದುರು ಎರಡು ಕಿಂಡಿಗಳನ್ನು ರಾತ್ರಿಯೂ ತೆರೆದೇ ಇಡಬೇಕು. ಮುಚ್ಚಬೇಕಾದದ್ದು ಬುಡದ ಸಂದಿ. ಅಲ್ಲಿ ಮಣ್ಣು ಏರಿಸಿದರೆ ಹಸಿಗೆ ತಗಡು ತುಕ್ಕು ಹಿಡಿಯುತ್ತದೆ. ತಾಂಡೂರಿನ ಗಣಿಗಳ ಬಳಿ ರಾಶಿ ಬಿದ್ದಿರುವ ಫರಸಿ ತುಂಡುಗಳನ್ನು ನಿಲ್ಲಿಸಿದರೆ ಸಾಕು, ಸುಣ್ಣಕಲ್ಲಿಗೆ ತುಕ್ಕಿನ ಭಯವಿಲ್ಲ. ಅದೇ ಫರಸಿಯನ್ನು ನೆಲಕ್ಕೆ ಹಾಸಿದ್ದರೆ ಮಾತ್ರ ಮಲಗುವಲ್ಲಿ ದಪ್ಪಗೆ ಗೋಣಿತಟ್ಟು ಬೇಕೇ ಬೇಕು. ಕಲ್ಲು ಗಾಳಿಗಿಂತ ತಣ್ಣಗಿದೆ ಎಂದಲ್ಲ, ಮೈಯ ಬಿಸಿಯನ್ನು ಅದು ಬಹಳ ಬೇಗ ಹೀರುತ್ತದೆ.

ನಿಜವಾದ ತೂತುಗಳೂ ಇರುತ್ತವೆನ್ನಿ. ನಸುಕಿನಲ್ಲಿ 8 ಡಿಗ್ರಿ ಇದ್ದ ತಗಡು ಮಧ್ಯಾಹ್ನದ ಬಿಸಿಲಿಗೆ 55 ಡಿಗ್ರಿ ಮುಟ್ಟಿದರೆ ಹನ್ನೆರಡು ಅಡಿಯ ಹಾಳೆ ಸುಮಾರು 2 ಮಿಲಿಮೀಟರ್ ಉದ್ದವಾಗುತ್ತದೆ, ಸಂಜೆ ಮತ್ತೆ ಕುಗ್ಗುತ್ತದೆ. ಹೊತ್ತು ಮುಳುಗುವಾಗ ಸೂರಿನಲ್ಲಿ ಕೇಳುವ ಟಣ್ ಟಣ್ ಸದ್ದು ಅದರದ್ದೇ. ದಿನವೂ ಹೀಗೆ ಎಳೆದಾಡಿ ಹುಕ್ಕಿನ ತೂತು ಹಿಗ್ಗುತ್ತದೆ, ರಬ್ಬರ್ ವಾಷರ್ ಬಿರಿಯುತ್ತದೆ. ನಟ್ಟನ್ನು ಜೋರಾಗಿ ಬಿಗಿದರೆ ವಾಷರ್ ಹಿಂಡಿಹೋಗಿ ಇನ್ನೂ ಕೆಡುತ್ತದೆ. ವಾಷರ್ ಬದಲಿಸಿ, ಹದವಾಗಿ ಬಿಗಿಯಿರಿ. ತೂತು ತಗಡಿನ ಉಬ್ಬಿನ ಮೇಲಿರಲಿ, ನೀರು ಹರಿಯುವ ತಗ್ಗಿನಲ್ಲಲ್ಲ.

ನಾರಾಯಣಖೇಡದ ತಾಂಡಾಗಳಿಂದ ಕಬ್ಬು ಕಡಿಯಲು ಕರ್ನಾಟಕ, ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳ ಮನೆ ಮಾತ್ರ ನಿಜಕ್ಕೂ ಊರೂರು ಸುತ್ತುವ ಮನೆ. ಕಬ್ಬಿನ ಹಂಗಾಮು ಬೀಳುವುದೂ ಚಳಿಗಾಲಕ್ಕೇ. ಬಿಚ್ಚಿದ ತಗಡುಗಳನ್ನು ಇಬ್ಬನಿ ಆರುವ ಮುನ್ನ ಒಂದರ ಮೇಲೊಂದು ಪೇರಿಸಿದರೆ ನಡುವೆ ಸಿಕ್ಕ ನೀರಿಗೆ ಸತುವಿನ ಲೇಪ ಬಿಳಿ ಹಿಟ್ಟಾಗಿ ಕೊಚ್ಚಿಹೋಗುತ್ತದೆ. ಬಿಸಿಲಿಗೆ ಒಣಗಿಸಿ, ನಡುವೆ ಕಡ್ಡಿ ಇಟ್ಟು, ಓರೆಯಾಗಿ ನಿಲ್ಲಿಸಬೇಕು. ಹೊಲದಲ್ಲಿ ರವದಿಯ ಗುಡಿಸಲು ಹಾಕುವವರು ಈ ತಂಟೆಯಿಂದ ಪಾರು. ಒಣ ಎಲೆಗಳ ನಡುವೆ ಗಾಳಿಯೂ ನಿಲ್ಲುತ್ತದೆ, ಆವಿಯೂ ಹೊರಹೋಗುತ್ತದೆ. ಚಳಿಗೆ ತಗಡಿಗಿಂತ ರವದಿಯೇ ಮೇಲು. ಬೆಂಕಿಗೆ ಮಾತ್ರ ಹೆದರಬೇಕು.

ಬೆಂಕಿಯ ವಿಷಯದಲ್ಲಿ ತಗಡಿನ ಕೋಣೆಗೂ ಬೇರೆಯದೇ ಅಪಾಯವಿದೆ. ಸಂದಿಗಳನ್ನೆಲ್ಲ ಮುಚ್ಚಿ ಒಳಗೆ ಇದ್ದಿಲ ಕೆಂಡ ಇಟ್ಟು ಮಲಗಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಕೆಂಡವನ್ನು ಹೊರಗಿಟ್ಟು ಮಲಗಿ, ಮೇಲಿನ ಕಿಂಡಿಗೆ ಬಟ್ಟೆ ತುರುಕಬೇಡಿ.